ಲಕೋಟೆಯ ಹಿಂಬದಿ

ಮನೆಯಲ್ಲಿ ಇಷ್ಟು ದೊಡ್ಡ ಖಾಲಿ ಜಾಗ
ಸಿಕ್ಕಿದ್ದು ಆ ಖಾಕಿ ಲಕೋಟೆಯ ಹಿಂದೆ ಮಾತ್ರ.
ಒಳಗಿನ ಎಕ್ಸ್-ರೇ ತೆಗೆದು ಗಾದಿ ಕೆಳಗೆ ತಳ್ಳಿ
ಅಣ್ಣನ ಮಗಳು ಪಲ್ಲು ಸ್ಕೆಚ್ ಪೆನ್ನಿನಿಂದ ಬರೆದಳು:
ಹೈದರಾಬಾದ್. ಶನಿವಾರ, ಐತವಾರ. ಬರೀ ಊಟ.

ಬರೀ ಊಟದ ಕೆಳಗೆ ಎರಡು ಗೆರೆ.

ಎರಡು ವರ್ಷದಲ್ಲಿ ಹನ್ನೊಂದು ಸಲ ಹೋಗಿದ್ದೆವು ಆ ಊರಿಗೆ,
ಒಂದು ಸಲವೂ ಕುಂತು ಉಂಡಿಲ್ಲ.
ಕಂಡದ್ದು ಟೋಕನ್ ನಂಬರು, ಆಟೋದವನ ಬೆನ್ನು,
ಮೂರನೇ ಮಾಳಿಗೆಗೆ ನಿಲ್ಲದ ಲಿಫ್ಟು.
ತಿಂದದ್ದು ಅವ್ವ ಕಟ್ಟಿಕೊಂಡ ಖಡಕ್ ರೊಟ್ಟಿ, ಶೇಂಗಾ ಹಿಂಡಿ,
ಕಾರಿಡಾರಿನಲ್ಲಿ, ಸಪ್ಪಳಾದೀತೆಂದು
ಸೆರಗಿನೊಳಗೆ ಮುರಿದು.

ಹೋದ ಮಂಗಳವಾರ ಡಾಕ್ಟರು ಕನ್ನಡಕ ತೆಗೆದಿಟ್ಟು
"ಅಬ್ ಜೋ ಖಾನಾ ಹೈ, ಖಾಲೇನೇ ದೋ" ಅಂದರು.
ಅವ್ವ ರೈಲಿನಲ್ಲೇ ಹೇಳಿದಳು ಎದುರು ಸೀಟಿನವರಿಗೆಲ್ಲ,
ಪಥ್ಯ ಬಿಡ್ತು ನೋಡ್ರಿ, ಪಥ್ಯ ಬಿಡ್ತು!
ಓಣಿಗೆ ಬಂದವಳೇ ಮನೆಮನೆಗೂ ಪೇಢೆ.
ನಾನು ತಾಂಡೂರಿನಿಂದ ವಾಡಿಯವರೆಗೆ
ಕಿಟಕಿ ಹೊರಗೆ ಬಂಡೆಗಲ್ಲಿನ ರಾಶಿ ಎಣಿಸುತ್ತ ಕೂತಿದ್ದೆ.
ಅದೇ ಮಾತು, ಅದೇ ಆರು ಶಬ್ದ.
ಪೇಢೆ ತಿಂದೆ ನಾನೂ.

ಈಗ ನಡುಮನೆಯಲ್ಲಿ ಜಗಳ.
ಅಣ್ಣ ರೇವಣಸಿದ್ಧ: ಬಿರಿಯಾನಿ ಹನ್ನೆರಡರ ಒಳಗ,
ಆಮ್ಯಾಲ ಹೋದ್ರ ತಳದ್ದು ಹಾಕ್ತಾರ.
ಗುಂಡಮ್ಮತ್ತಿ: ನಮ್ಮ ಕಲಬುರಗಿ ತಹರಿಕಿಂತ
ಅದೇನ್ ಹೆಚ್ಚಿಂದು? ಅಕ್ಕಿ ಅಕ್ಕೀನೇ.
(ಬರೋದಿಲ್ಲ ಎನ್ನಲಿಲ್ಲ. ಕಿಟಕಿ ಸೀಟು ಕೇಳಿದಳು.)
ಅವ್ವನಿಗೆ ಖೂಬಾನಿ ಮೀಠಾ. ಪಕ್ಕದ ಮನೆ ಬಿಲ್ಖೀಸಳ
ತಮ್ಮನ ಮದುವೆಯಲ್ಲಿ ಒಂದೇ ಚಮಚ ಬಿದ್ದಿತ್ತಂತೆ ತಟ್ಟೆಗೆ,
ಎಂಟು ವರ್ಷದಿಂದ ನಾಲಿಗೆ ಮೇಲೇ ಇದೆ.
ಪಲ್ಲು ಬರೆಯುತ್ತಾಳೆ, ಕಾಟು ಹಾಕುತ್ತಾಳೆ.
ಹಲೀಮಿಗೆ ರಂಜಾನ್ ಬರಬೇಕು ಎಂದ ಯಾರೋ.
ಅಷ್ಟು ದಿನ ಯಾಕ ಕಾಯೋದು, ನಾನೆಂದೆ,
ಸ್ವಲ್ಪ ಜೋರಾಗಿ.

ಅಪ್ಪ ಗ್ವಾಡಿಗೆ ಒರಗಿ ಕೇಳುತ್ತಿದ್ದ.
ಮೂವತ್ತೊಂಬತ್ತು ವರ್ಷ ಗಂಜಿನಲ್ಲಿ ತೊಗರಿ ತೂಗಿದವನು,
ಚೀಲ ಎತ್ತಿದ ಹಮಾಲನ ಮುಖ ನೋಡಿ
ಕಿಲೋ ಹೇಳುತ್ತಿದ್ದವನು.
ಆಸ್ಪತ್ರೆಯ ಕಾಂಟಾ ಎಪ್ಪತ್ತೊಂದು ಅಂದಿತ್ತು ಮೊದಲು,
ಆಮೇಲೆ ಅರವತ್ತು, ಮೊನ್ನೆ ನಲವತ್ತೊಂಬತ್ತು.
ಪ್ರತಿ ಸಲ ಇಳಿದು ಅಂಗಿ ಗುಂಡಿ ಹಾಕಿಕೊಳ್ಳುತ್ತ ಅದೇ ಚೇಷ್ಟೆ:
ಸೂಟ್ ಭಾಳ ಹಿಡೀಲತ್ತಾರವ್ವಾ ಇಲ್ಲಿ,
ನಮ್ಮ ಗಂಜಿನ್ಯಾಗ ಇಷ್ಟು ಕಡೀತಿರ್ಲಿಲ್ಲ.

"ಮುತ್ಯಾ, ನಿಂಗೇನ್ ಬೇಕು? ಜಾಗ ಮುಗೀಲತ್ತದ ನೋಡು."

ಅಪ್ಪ ಬಹಳ ಹೊತ್ತು ತೂಗಿ ನೋಡಿದ.
ದವಾಖಾನಿ ಗೇಟಿನ ಎದುರು ಒಬ್ಬ ಪೂರಿ ಕರೀತಾನಲ್ಲ,
ನೀಲಿ ಬಂಡಿಯವ, ಒಂಟಿ ಕೈಯಾಂವ.
ಅವನ ಕಡಿ ಎರಡು ಪೂರಿ.

ಆಸ್ಪತ್ರಿ ಕಡಿಗ್ಯಾಕಪ್ಪೋ, ಎಲ್ಲರೂ ಒಟ್ಟಿಗೆ ಕೂಗಿದರು.
ದೊಡ್ಡ ಹೊಟೇಲ್ ಅವ, ಕುರ್ಚಿ ಅವ, ಏಸಿ ಅದ!

ಖಾಲಿ ಹೊಟ್ಟಿಲಿ ಬಾ ಅಂತಿದ್ದರು, ರಕ್ತ ತೆಗೀಲಾಕ.
ಹನ್ನೊಂದ್ ಸಲ ಅವನ ಎಣ್ಣಿ ವಾಸನಿ ಹಿಡಕೊಂಡು
ಪುಕ್ಕಟ ಒಳಗ ಹೋಗೀನಿ.
ಅಪ್ಪನ ದನಿ ವ್ಯಾಪಾರದ ದನಿ:
ಅವನ ಬಾಕಿ ಇಟ್ಟು ಹ್ಯಾಂಗ ಬರಲಿ?

ನನ್ನ ಕಡೆ ನೋಡಿದ, ಅಷ್ಟೇ.
ಕಾಂಟಾದ ಮುಳ್ಳು ನಿಲ್ಲುವ ಮುಂಚೆಯೇ
ಲೆಕ್ಕ ಬರೆದಿಡುವವನ ಕಣ್ಣು.
ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ.

ಪಲ್ಲು ಲಕೋಟೆಯ ಅಂಚಿನಲ್ಲಿ ಓರೆಯಾಗಿ ಬರೆದಳು:
ಮುತ್ಯಾಗ ಪೂರಿ, ಎರಡು.
ತಿದ್ದಿದಳು: ಎಲ್ಲರಿಗೂ.

ಅವ್ವ ಆಗಲೇ ಹಿಟ್ಟಿನ ಡಬ್ಬಿ ತೆಗೆದಿದ್ದಳು.
ಬರೀ ಊಟಕ್ಕಂತ ಹೊಂಟೀವಿ, ಮತ್ತ ಬುತ್ತಿ ಯಾಕ?
ಅಣ್ಣ ರೇಗಿದ. ಅವಳಿಗೆ ಉತ್ತರ ಗೊತ್ತಿಲ್ಲ,
ಆ ಊರಿಗೆ ಬುತ್ತಿ ಇಲ್ಲದೆ ಹೋಗುವುದು ಕೈಗೆ ಗೊತ್ತಿಲ್ಲ.

ಇರಲಿ ಬಿಡಲೇ, ಎಂದ ಅಪ್ಪ,
ವಾಡಿ ದಾಟಿದ ಮ್ಯಾಲ ಹಸಿವ್ಯಾಗ್ತದ.
ಜಗದೇವೀ,
ಈ ಸಲ ಸಪ್ಪಳ ಮಾಡಿ ಮುರೀ.